ಒಂಟಿಗಾಲ ಕೊಕ್ಕರೆಗಳು

ಕುಂಟ್ತಾ ಇದಾನಾ? ಯಾರು, ನಿನ್ನ ಮಗ ಎಮೆಟ್ಟಾ? ಎಲ್ಲಿ ಕುಂಟ್ತಾ ಇದಾನೆ ರೋಂಡಾ... ಕೂತ್ಕೋ, ಕೂತ್ಕೋ. ಹಿಂದೆ ಕೂತಿರೋ ಆರ್ವಿಲ್‌ಗೆ ಏನೂ ಕಾಣಲ್ಲ, ಆಮೇಲೆ ಅವನು ಪಾಪ್‌ಕಾರ್ನ್ ಡಬ್ಬಾನ ನಮ್ಮ ತಲೆ ಮೇಲೇ ಸುರೀತಾನೆ. ಅದು ಕುಂಟೋದಲ್ಲ ಕಣಮ್ಮ. ಅದು... ಹೆಜ್ಜೆ ತೂಗೋದು. ಈ ಮಾರ್ಸ್‌ಡೆನ್ ಕಾಲೇಜಿನವರು ಬ್ಯಾಸ್ಕೆಟ್‌ಬಾಲ್ ಆಡೋ ನೆಲಕ್ಕೆ ಏನು ಬಳಿದಿದಾರೋ, ಕನ್ನಡಿ ಇದ್ದ ಹಾಗಿದೆ! ಅದರ ಮೇಲೆ ಹೊಸ ಶೂ ಹಾಕ್ಕೊಂಡು ಓಡೋವಾಗ ಯಾರಾದ್ರೂ ಹಾಗೇ ಓಡೋದು.

ಹೊಸ ಶೂ ಅಂತ ನನಗೆ ಹೆಂಗೆ ಗೊತ್ತಾ? ಚೆನ್ನಾಗಿ ಕೇಳ್ದೆ! ನಮ್ಮಪ್ಪನ ಕಾಲದಿಂದ ವೆಲ್‌ಬಿ ಊರಿನ ಕಾಲುಗಳಿಗೆಲ್ಲ ಶೂ ತೊಡಿಸ್ತಾ ಇರೋರು ನಾವು. ಹಾಗನ್ ಶೂ ಅಂಗಡಿಯ ಈ ಲೋವೆಲ್‌ಗೆ ಹೊಸದು ಯಾವುದು ಹಳೇದು ಯಾವುದು ಗೊತ್ತಾಗಲ್ಲ ಅಂದ್ರೆ ನಾಳೆನೇ ಬಾಗಿಲು ಹಾಕಬೇಕು. ಮುಖ ಮರೀತೀನಿ, ಹೆಸರು ಮರೀತೀನಿ, ಒಂದು ಸಲ ಹಿಡಿದ ಹಿಮ್ಮಡಿ ಮಾತ್ರ ಮರೆಯಲ್ಲ. ದೂರದಿಂದಲೇ ಗೊತ್ತಾಗುತ್ತೆ. ಅಷ್ಟೇ. ಅಷ್ಟೇ ವಿಷಯ.

ನೋಡು, ನೋಡು, ಚೆಂಡು ನಮ್ಮದು... ಹೋಗು! ಹೋಗೋ! ಅಯ್ಯೋ, ಆ ಕಡೆ ಯಾಕೆ ಕೊಟ್ಟ? ಎಮೆಟ್ ಖಾಲಿ ನಿಂತಿದ್ನಲ್ಲ! ಕಣ್ಣಿದೆಯೇನೋ ನಿನಗೆ!

ಏನಂದೆ? ಓಡಿ ಬರಲಿಲ್ಲ, ನಿಂತೇ ಇದ್ದ ಅಂದೆಯಾ? ನಿಂತಿದ್ದ ಅಂದ್ರೆ ಜಾಗ ಹಿಡಿದಿದ್ದ ಅಂತ. ಬುದ್ಧಿವಂತ ಆಟಗಾರ ಓಡಲ್ಲ ರೋಂಡಾ. ಓಡೋರು ಓಡ್ಲಿ ಅಂತ ಬಿಡ್ತಾನೆ.

ನೀನೂ ಸುಮ್ನೆ ಗಾಬರಿ ಬೀಳ್ತೀಯ. ಅಲ್ಲ, ಈ ಹಿಮದಲ್ಲಿ ಒಬ್ಬಳೇ ಅಷ್ಟು ದೂರದಿಂದ ಕಾರು ಓಡಿಸ್ಕೊಂಡು ಬಂದಿದೀಯಲ್ಲ, ಅದು ಗಾಬರಿ ಬೀಳೋ ವಿಷಯ. ಬರಲ್ಲ ಅಂದಿದ್ದೆ ತಾನೆ? ನಾವು ಬಸ್ಸಿಂದ ಇಳೀತಾ ಇದ್ದ ಹಾಗೇ ಬಾಗಿಲ ಹತ್ತಿರ ನೀನು ಕೆಂಪು ಟೋಪಿ ಹಾಕ್ಕೊಂಡು ನಿಂತಿರೋದು ನೋಡಿ ನನಗೆ... ಖುಷಿ ಆಯ್ತು. ಆಗದೇ ಇರುತ್ತಾ? ಮುಖ ಬಿಳಿಚ್ಕೊಂಡಿತ್ತಾ? ಅದು ಬಸ್ಸು ಕಣಮ್ಮ. ದಾರಿಯುದ್ದಕ್ಕೂ ಆರ್ವಿಲ್ ಹೆಂಡತಿಯ ಮೊಟ್ಟೆ ಸ್ಯಾಂಡ್‌ವಿಚ್, ಅದರ ಮೇಲೆ ಹೀಟರಿನ ಬಿಸಿಗಾಳಿ. ಯಾರ ಮುಖ ತಾನೇ ಕೆಂಪಗಿರುತ್ತೆ.

ಓಹೋ, ಶುರು ಮಾಡಿದ್ರು ಗಂಟೆ ಬಾರಿಸೋಕೆ! ಹಸುವಿನ ಕೊರಳ ಗಂಟೆಗಳು. ನೋಡು ಆ ಹಸಿರು ಅಂಗಿಯವರನ್ನ. ನಾವು ಬರೀ ಮೂರು ಸಾಲು ಜನ, ಅವರು ಊರಿಗೆ ಊರೇ. ಅದಕ್ಕೇ ನಮ್ಮನ್ನ ಆಟಗಾರರ ಬೆಂಚಿನ ಹಿಂದೆ ಹೀಗೆ ಒತ್ತಿ ಕೂರಿಸಿದಾರೆ, ಡಬ್ಬದಲ್ಲಿ ಶೂ ಜೋಡಿಸಿದ ಹಾಗೆ. ಇರಲಿ. ಇವತ್ತು ಆ ಹಾಲಿನ ಕ್ಯಾನು ನಮ್ಮ ಬಸ್ಸಲ್ಲಿ ಬರುತ್ತೆ. ಒಳಗೆ ಬರೋವಾಗ ನೋಡಿದೆಯಾ, ಗಾಜಿನ ಪೆಟ್ಟಿಗೆ ಒಳಗೆ? ಬೇಕಂತಲೇ ಬಾಗಿಲ ಎದುರಿಗೇ ಇಟ್ಟಿದಾರೆ ಬಡ್ಡಿಮಕ್ಕಳು! ನಮ್ಮ ವೆಲ್‌ಬಿ ಡೈರಿಯ ಕ್ಯಾನು ಅದು. ಈ ಆಟ ಗೆದ್ದವರ ಮನೆಗೆ ಹೋಗಬೇಕು ಅಂತ ನಮ್ಮ ಹಿರಿಯರು ಮಾಡಿಟ್ಟ ಪದ್ಧತಿ. ನಿನ್ನ ಮಗ ಹುಟ್ಟೋಕೆ ಮುಂಚೆ ಇಲ್ಲಿಗೆ ಬಂತು, ಇನ್ನೂ ಇಲ್ಲೇ ಕೂತಿದೆ. ನನ್ನ ಅಂಗಡಿ ಷೋಕೇಸಿನಲ್ಲಿ ಅದಕ್ಕೆ ಅಂತ ಒಂದು ಪೀಠ ಖಾಲಿ ಬಿಟ್ಟಿದೀನಿ. ಹೌದು, ಈಗಲೂ. ವ್ಯಾಪಾರಸ್ಥ ಆದೋನು ಷೋಕೇಸಿನಲ್ಲಿ ಒಂದು ಮೊಳ ಜಾಗ ಖಾಲಿ ಬಿಡ್ತಾನೆ ಅಂದ್ರೆ ಅರ್ಥ ಮಾಡ್ಕೋ. ಬಂದ ಗಿರಾಕಿಗಳೆಲ್ಲ ಕೇಳ್ತಾರೆ, ಅಲ್ಲೇನಿತ್ತು ಅಂತ. ಇತ್ತು ಅಲ್ಲ, ಬರುತ್ತೆ ಅಂತೀನಿ.

ಫೌಲ್! ಫೌಲ್ ಅದು! ಕೊಟ್ಟ, ಕೊಟ್ಟ, ರೆಫರಿಗೆ ಒಂದು ಕಣ್ಣಾದರೂ ಇದೆ. ಯಾರು ಹೊಡೆಯೋದು? ಬ್ರಾಡಿ. ಆ ತೆಳ್ಳಗಿನ ಹುಡುಗ. ಏಳು, ಏಳು ರೋಂಡಾ, ಎರಡು ಫ್ರೀ ಥ್ರೋ. ಕಾಲೆತ್ತು! ಮರೆತುಬಿಟ್ಟೆಯಾ? ವೆಲ್‌ಬಿ ಕಾಲೇಜಿನ ಟೀಮಿನ ಹೆಸರೇ ಕೊಕ್ಕರೆಗಳು, ನಾವೂ ಕೊಕ್ಕರೆಗಳು! ಶ್...

...

ಬಿತ್ತು! ಶ್, ಇನ್ನೊಂದು...

ಬಿತ್ತು! ಇಳಿಸು ಈಗ. ಯಾಕೆ ನಗ್ತಾ ಇದೀಯ? ನಗು, ನಗು. ಬದಲಾಯಿಸಿದ ಮಂಡಿ ಇಟ್ಕೊಂಡು ಈ ವಯಸ್ಸಲ್ಲಿ ಒಂಟಿಗಾಲಲ್ಲಿ ನಿಲ್ಲೋ ಮುದುಕ ಇನ್ನೊಬ್ಬ ಇದ್ರೆ ತೋರಿಸು. ಹಸಿರಿನವರು ನಮ್ಮನ್ನ ನೋಡಿ ಹುಚ್ಚರು ಅಂತಾರೆ. ಅನ್ನಲಿ. ಇದು ಹುಚ್ಚಲ್ಲ, ಲೆಕ್ಕಾಚಾರ. ನಮ್ಮ ಕಾಲೇಜಿನ ಹಳೇ ಆಟದ ಮನೇಲಿ ನೋಡೋರು ನಿಲ್ಲೋ ಹಲಗೆಗಳು ಮೈ ಅಲುಗಿಸಿದರೆ ಕಿರುಗುಟ್ತಾ ಇದ್ವು. ನಮ್ಮ ಹುಡುಗ ಹೊಡೆಯೋವಾಗ ಸದ್ದಾಗಬಾರದು ಅಂತ ಒಂದು ಕಾಲು ಎತ್ತಿ ನಿಲ್ಲೋದು. ಒಂಟಿಗಾಲಲ್ಲಿ ನಿಂತವನು ಅಲುಗಾಡಲ್ಲ, ಮಾತೂ ಆಡಲ್ಲ. ಬೀಳ್ತೀನಿ ಅನ್ನೋ ಭಯ ಇರುತ್ತಲ್ಲ! ಹಲಗೆ ಹೋಗಿ ಸಿಮೆಂಟು ಬಂತು, ಕಾಲು ಮಾತ್ರ ಇನ್ನೂ ಏಳುತ್ತೆ.

ನೋಡಿದೆಯಾ, ಇನ್ನು ನಾಲ್ಕೇ ಪಾಯಿಂಟ್ ಹಿಂದೆ ನಾವು.

...ಮತ್ತೆ ಅದೇ ಮಾತು. ಕಾಲು, ಕಾಲು, ಕಾಲು! ಗೊತ್ತಮ್ಮ, ಡಾಕ್ಟರು ಹೇಳಿದ್ದು ನನಗೂ ನೆನಪಿದೆ. ಎಡಪಾದದ ಹೊರಗಡೆ ಮೂಳೆ, ಕೂದಲೆಳೆ ಬಿರುಕು. ಮತ್ತೆ ಅದೇ ಜಾಗದಲ್ಲಿ ಬಿರುಕು ಬಿಟ್ರೆ ಆಟ ಅಷ್ಟೇ ಅಲ್ಲ, ಮೆಟ್ಟಿಲು ಹತ್ತೋದೂ ಕಷ್ಟ. ನನಗೆ ಗೊತ್ತಿಲ್ವಾ? ಎಲೆ ಉದುರೋ ಕಾಲದಲ್ಲಿ ನೀನೇ ಅಂಗಡಿಗೆ ಬಂದು ಕೂತು ಹೇಳಿದ್ದಲ್ಲ. ಅಂಕಲ್, ನಾನು ಅಷ್ಟು ದೂರದಲ್ಲಿರ್ತೀನಿ, ಅವನು ಹಾಸ್ಟೆಲ್‌ನಲ್ಲಿರ್ತಾನೆ, ನೋವಾದ್ರೆ ನನಗೆ ಹೇಳಲ್ಲ, ನೀವು ಕಣ್ಣಿಟ್ಟಿರಿ ಅಂದೆ. ಇಟ್ಟಿದೀನಿ. ಕಣ್ಣಿಟ್ಟೇ ಇದೀನಿ. ಗುಣ ಆಯ್ತಲ್ಲ? ಗುಣ ಆಗಿದೆ ಅಂತ ಡಾಕ್ಟರೇ ಬರೆದು ಕೊಟ್ಟಿಲ್ವಾ, ಕ್ರಿಸ್‌ಮಸ್‌ಗೆ ಮುಂಚೆ?

ಅದು ಹೌದು. ಅದಾದ ಮೇಲೆ ಎಷ್ಟೋ ಆಟ ಆಡಿದ. ಹೌದು.

ಎಲ್ಲಿಗೆ ಏಳ್ತಾ ಇದೀಯ? ಕೋಚ್ ಹತ್ತಿರ ಹೋಗ್ತೀಯಾ? ಆಟದ ನಡುವೆ? ರೋಂಡಾ, ಹುಡುಗನ ಮಾನ ಏನಾಗಬೇಕು! ಇಷ್ಟುದ್ದ ಗಡ್ಡ ಬಂದಿದೆ ಅವನಿಗೆ. ಅಮ್ಮ ಬಂದು ಕೈ ಹಿಡಿದು ಎಳ್ಕೊಂಡು ಹೋದ್ರೆ ಹಸಿರಿನವರು ಅವನ ಮದುವೆಯಲ್ಲೂ ಅದನ್ನೇ ಹೇಳಿ ನಗ್ತಾರೆ. ಕೂತ್ಕೋ ತಾಯಿ. ಕಾಫಿ ಕುಡಿ. ಫ್ಲಾಸ್ಕ್ ಬಿಸಿ ಇದೆ. ಅಂಗೈ ನೋಡು, ಐಸು. ಹಾಂ, ಹಾಗೆ.

ಅಲ್ಲ, ನೀನು ಕಾಲಿನ ಮಾತೆತ್ತಿದ್ದಕ್ಕೆ ನೆನಪಾಯ್ತು. ಇದೇ ಎಮೆಟ್ ಹೊಟ್ಟೆಯಲ್ಲಿದ್ದಾಗ ನೀನು ನನ್ನ ಅಂಗಡಿಗೆ ಬಂದಿದ್ದು ನೆನಪಿದೆಯಾ? ಹಳೇ ವಿದ್ಯಾರ್ಥಿಗಳ ಊಟಕ್ಕೆ ಅಂತ ಬಂದೋಳು, ಹೊರಗೆ ಹಿಮ, ಕಾಲು ಎರಡೂ ಬನ್ನಿನ ಹಾಗೆ ಉಬ್ಬಿತ್ತು. ಯಾವ ಶೂನೂ ಹಿಡೀತಾ ಇರಲಿಲ್ಲ. ಲೇಸು ಪಾದದ ಮೇಲೆ ಒತ್ತಿದ ಕೂಡಲೇ ಕಿರುಚ್ತಾ ಇದ್ದೆ. ಆಗ ನಾನೇನು ಮಾಡ್ದೆ? ಲೇಸು ಪೋಣಿಸೋವಾಗ ಮೂರನೇ ತೂತು ಬಿಟ್ಟುಬಿಟ್ಟೆ. ಅಡ್ಡ ಹಾಕೋ ಬದಲು ಪಕ್ಕದಲ್ಲೇ ಏಣಿ ಕಂಬದ ಹಾಗೆ ನೇರ ಮೇಲಕ್ಕೆ ಏರಿಸಿದೆ. ಉಬ್ಬಿದ ಜಾಗಕ್ಕೆ ಗಾಳಿ! ಮೇಲೆ ಕಾಣೋ ಗಂಟು ಬರೀ ಶೋಕಿಗೆ, ನಿಜವಾದ ಗಂಟು ಲೇಸಿನ ಕೆಳಗಿರೋ ಶೂ ನಾಲಿಗೆಯ ಅಡಿಯಲ್ಲಿ. ನಮ್ಮಪ್ಪ ಕಲಿಸಿದ ಕಟ್ಟು ಅದು. ಇಡೀ ಸೀಮೆಯಲ್ಲಿ ಬೇರೆ ಯಾರಿಗೂ ಬರಲ್ಲ. ನೀನು ಎದ್ದು ಕುಣಿದುಬಿಟ್ಟೆ ಅಂಗಡೀಲಿ! ಮತ್ತೆ ಆವತ್ತು ಸಂಜೆ ನಿನ್ನ ಗಂಡ ಫೋನ್ ಮಾಡಿದ್ದ, ಹಾಗನ್‌ರೇ, ಈ ಶೂ ಬಿಚ್ಚೋದು ಹೇಗೆ ಅಂತ! ಮೇಲಿನ ಗಂಟು ಎಳೆದು ಎಳೆದು ಸಾಕಾಗಿ ಕತ್ತರಿ ತಂದು ಕೂತಿದ್ನಂತೆ ಪಾಪ!

ಹಾಂ, ಈಗ ನಕ್ಕೆ. ಹೀಗಿರಬೇಕು. ಒಳ್ಳೇ ಮನುಷ್ಯ ನಿನ್ನ ಗಂಡ. ಇದ್ದಿದ್ರೆ ಇವತ್ತು ನಮ್ಮ ಜೊತೆ ಕಾಲೆತ್ಕೊಂಡು ನಿಂತಿರ್ತಿದ್ದ.

ನಾನು ಯಾಕೆ ಅದನ್ನ ಹೇಳೋಕೆ ಹೋದೆನೋ... ಏನಿಲ್ಲ, ಏನಿಲ್ಲ. ಆಟ ನೋಡು.

ಹೊಡಿ! ಹೊಡಿಯೋ ಎಮೆಟ್! ಆಹಾ... ಆಹಾಹಾ! ನೋಡಿದೆಯಾ? ಅಷ್ಟು ದೂರದಿಂದ! ಮೂರು ಪಾಯಿಂಟ್! ಒಂದೇ ಹಿಂದೆ ಈಗ! ಯಾರೋ ಕಾಲು ಕಾಲು ಅಂತಾ ಇದ್ರಲ್ಲ, ಎಲ್ಲಿದೆ ಈಗ ಕಾಲು? ಹಹ್ಹ!

ಇಲ್ಲ... ಅದು ಇಳಿದಾಗ ಹಾಗೆ ವಾಲಿದ್ದು, ಅಷ್ಟೇ. ಪಕ್ಕದ ಹುಡುಗನ ಹೆಗಲು ಹಿಡ್ಕೊಂಡಿದ್ದು ಖುಷಿಗೆ. ಖುಷಿಗೆ ಕಣಮ್ಮ, ಅವರು ಹಾಗೇ ತಬ್ಬಿಕೊಳ್ತಾರೆ.

ಟೈಂಔಟ್. ಒಳ್ಳೇದಾಯ್ತು. ಬರ್ತಾ ಇದಾರೆ ನೋಡು, ಬೆಂಚಿಗೆ. ಕರೀಬೇಡ... ಕರೀಬೇಡ ಅಂದ್ನಲ್ಲ. ಕೇಳಿಸಿಲ್ಲ ಅವನಿಗೆ, ಈ ಗಂಟೆ ಗಲಾಟೆಯಲ್ಲಿ ಯಾರಿಗೆ ಕೇಳುತ್ತೆ.

ತಿರುಗಿ ನೋಡಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಮನಸ್ಸೆಲ್ಲ ಆಟದ ಮೇಲಿರುತ್ತೆ.

ಟವೆಲ್ಲಾ? ಕಾಲ ಮೇಲೆ ಯಾಕೆ ಹಾಕ್ಕೊಂಡಿದಾನೆ ಅಂದ್ರೆ... ಚಳಿ ಇರಬೇಕು. ಬಾಗಿಲು ತೆರೆದಾಗಲೆಲ್ಲ ಗಾಳಿ ನುಗ್ತಾ ಇಲ್ವಾ ಒಳಗೆ? ಬೇರೆಯವರು ಯಾರೂ ಹಾಕ್ಕೊಂಡಿಲ್ಲ, ನಿಜ. ಒಬ್ಬೊಬ್ಬರ ಮೈ ಒಂದೊಂದು ಥರ. ನನಗೆ ಕಿವಿಗೆ ಚಳಿ, ನನ್ನ ಹೆಂಡತಿಗೆ ಮೂಗಿಗೆ.

ನನ್ನ ಕಡೆ ಯಾಕೆ ನೋಡ್ದ? ಯಾರು, ಎಮೆಟ್? ನನ್ನ ಕಡೆ ನೋಡಲೇ ಇಲ್ಲ! ಆರ್ವಿಲ್ ಕಡೆ ನೋಡಿರಬೇಕು. ಆರ್ವಿಲ್ ಈಗಷ್ಟೇ ಎದ್ದು ಶಿಳ್ಳೆ ಹೊಡೆದ್ನಲ್ಲ. ಬಾಯಿ ಸನ್ನೆ ಏನೂ ಮಾಡಿಲ್ಲ ನಾನು. ಗೆಲ್ತೀವಿ ಅಂದೆ. ಅಷ್ಟೇ ಅಂದಿದ್ದು. ಸಾಕಾ ಅಂತ ಕೇಳಿದ ಹಾಗೆ ಕಂಡಿತಾ ನಿನಗೆ? ಏನು ಸಾಕಾ? ಗೆಲ್ತೀವಿ, ಸಾಕಾ?... ನೀನು ಯಾವತ್ತಿಂದ ತುಟಿ ಓದೋಕೆ ಕಲಿತೆ ರೋಂಡಾ!

ಅವನಿಗೇ ಆಡಬೇಕು ಅಂತಿದೆ ನೋಡು. ಅದನ್ನ ನೀನು ಅರ್ಥ ಮಾಡ್ಕೋಬೇಕು. ಇದು ಕೊನೇ ವರ್ಷ ಅವನದು. ಮುಂದಿನ ವರ್ಷ ಎಲ್ಲೋ ವಿಮೆ ಕಂಪನೀಲಿ ಟೈ ಕಟ್ಕೊಂಡು ಕೂತಿರ್ತಾನೆ. ನಾವೆಲ್ಲ ಹಾಗೇ ಆದ್ವಿ. ಇದೊಂದೇ ಆಟ ಅಂಕಲ್, ಮಾರ್ಸ್‌ಡೆನ್ ಆಟ ಒಂದು ಆಡಿಬಿಡ್ತೀನಿ ಅಂದ...

ಯಾವಾಗ ಅಂದನಾ? ಯಾವಾಗಲೋ ಅಂದ. ಬೀದೀಲಿ ಸಿಕ್ಕಾಗ. ಎಲ್ಲ ಹುಡುಗರೂ ಅಂತಾರೆ ಹಾಗೆ. ನೀನೇನು ಕೋರ್ಟಿನ ವಕೀಲರ ಥರ ಹಿಡ್ಕೋತೀಯಲ್ಲ ಒಂದೊಂದು ಮಾತೂ!

ಆಗ್ಲಿ, ಆಗ್ಲಿ, ಬಿಡು, ಶುರುವಾಯ್ತು. ಕೊನೇ ಚೆಂಡು ಇದು. ಚೆಂಡು ನಮ್ಮ ಕೈಯಲ್ಲಿ, ಒಂದು ಪಾಯಿಂಟ್ ಹಿಂದೆ. ಏಳು, ಎಲ್ಲರೂ ಎದ್ದಿದಾರೆ. ಬ್ರಾಡಿ... ಬ್ರಾಡಿಯಿಂದ ಎಮೆಟ್‌ಗೆ... ಈ ಕಡೆ ಬರ್ತಾ ಇದಾನೆ, ನಮ್ಮ ಕಡೆಗೇ ಬರ್ತಾ ಇದಾನೆ... ನುಗ್ಗು! ನುಗ್ಗು ಮಗನೇ, ಹಾರು!

ಅಯ್ಯೋ!

ಬಿದ್ದ. ಇಲ್ಲೇ ಬಿದ್ದ, ನಮ್ಮ ಕಾಲ ಬುಡದಲ್ಲೇ. ಫೌಲ್, ಫೌಲ್ ಕೊಟ್ಟಿದಾರೆ! ಎರಡು ಫ್ರೀ ಥ್ರೋ! ರೋಂಡಾ, ಎರಡು... ಏಳ್ತಾನೆ, ಏಳ್ತಾನೆ ಇರು. ದೊಡ್ಡ ಹುಡುಗರು ಬೀಳ್ತಾರೆ, ಏಳ್ತಾರೆ. ಕಾಲು ಮಡಚಿದಾನೆ ಅಷ್ಟೇ. ಬೆಂಚು ಹಾರಬೇಡ! ಕೈ ಕೊಡ್ತಾ ಇದಾರೆ ಅವರೇ. ಎದ್ದ ನೋಡು. ಎದ್ದ. ನಿಂತ.

ಕಂಡಿತಾ? ಗೆರೆ ಹತ್ತಿರ ಹೋಗ್ತಾ ಇದಾನೆ. ನಡ್ಕೊಂಡೇ ಹೋಗ್ತಾ ಇದಾನೆ.

ಏನು? ಏನು ನೋಡ್ದೆ?

...ಶ್. ಈಗ ಬೇಡ. ಈಗ ಮಾತಾಡೋ ಹಾಗಿಲ್ಲ ರೋಂಡಾ. ನಮ್ಮ ಹುಡುಗ ಹೊಡೀತಾ ಇದಾನೆ. ಕಾಲೆತ್ತು. ನೋಡು, ಮೂರು ಸಾಲೂ ಎತ್ತಿದೆ. ಆರ್ವಿಲ್ ಎತ್ತಿದಾನೆ. ನಾನು ಎತ್ತಿದೀನಿ. ನೀನೂ ಎತ್ತು.

ಶ್...

ಎದುರುಗಡೆ ನೋಡೇ. ಬುಟ್ಟಿ ಆ ಕಡೆ ಇದೆ. ಎಲ್ಲರೂ ಅಲ್ಲಿ ನೋಡ್ತಾ ಇದ್ರೆ ನೀನ್ಯಾಕೆ ನನ್ನನ್ನ ನೋಡ್ತೀಯ? ನನ್ನ ಕೈ ಯಾಕೆ ನೋಡ್ತೀಯ? ಕಾಫಿ ಕಲೆ ಅದು.

...

ಬಿತ್ತು. ಸಮ ಆಯ್ತು ರೋಂಡಾ. ಸಮ ಆಯ್ತು. ಇನ್ನೊಂದು ಬಿದ್ರೆ ಗೆದ್ವಿ.

ನೀನು ಕಾಲೆತ್ತಿಲ್ಲ. ಎರಡೂ ಕಾಲು ನೆಲದ ಮೇಲೆ ಊರಿ ನಿಂತಿದೀಯ. ಅಪಶಕುನ ಕಣಮ್ಮ, ಹೀಗೆ ನಿಲ್ಲಬಾರದು.

ಏನಾದ್ರೂ ಅನ್ನು. ಪಿಸುಮಾತಲ್ಲಿ ಅನ್ನು. ಯಾರಿಗೂ ಕೇಳಿಸಲ್ಲ.

...ಅವನು ಹೇಗೆ ನಿಂತಿದಾನೆ ಅಂತ ನನಗೂ ಕಾಣ್ತಾ ಇದೆ. ಎಡಗಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗಿಸಿದಾನೆ. ಕಾಣ್ತಾ ಇದೆ. ಅವನೂ ಕೊಕ್ಕರೆ ಹಾಗೇ... ನಮ್ಮ ಜೊತೆ ಅವನೂ...

ಸಾವಿರ ಜನ ಲೇಸನ್ನ ಹಾಗೆ ಕಟ್ಟಬಹುದು ರೋಂಡಾ, ಒಂದು ತೂತು ಬಿಟ್ಟು. ಹುಡುಗರು ಈಗ ಎಲ್ಲಾನೂ ಮೊಬೈಲಲ್ಲಿ ನೋಡಿ ಕಲೀತಾರೆ. ಈಗ ತಾನೆ ಯಾರಿಗೂ ಬರಲ್ಲ ಅಂದಿದ್ದು... ಅದು ವ್ಯಾಪಾರದ ಮಾತು. ಅಂಗಡಿಯವನು ಆಡೋ ಮಾತು.

ಹಾಗೆ ನೋಡಬೇಡ.

ನಾನು ಎರಡು ಸಲ ಹೇಳ್ದೆ, ಅಮ್ಮನಿಗೆ ಫೋನ್ ಮಾಡು ಅಂತ. ಎರಡು ಸಲ. ಮೊನ್ನೆ ಅಂಗಡಿಯ ಹಿಂದಿನ ಬಾಗಿಲಿಂದ ಬಂದು ಡಬ್ಬಗಳ ಮಧ್ಯೆ ಕೂತ್ಕೊಂಡು ಅವನು... ಉಬ್ಬು ಅಷ್ಟೊಂದು ಇರಲಿಲ್ಲ. ಬನ್ನಿನಷ್ಟು ಇರಲಿಲ್ಲ. ಎಡಗಾಲಿಗೆ ಅರ್ಧ ನಂಬರ್ ದೊಡ್ಡದು ಕೊಟ್ಟೆ, ಒಳಗೆ ಗಟ್ಟಿ ತಗಡು ಇಟ್ಟೆ, ಪಾದ ಬಾಗದ ಹಾಗೆ. ಒಳ್ಳೇ ಕೆಲಸ ಮಾಡಿದೀನಿ ರೋಂಡಾ, ಬೇಜವಾಬ್ದಾರಿಯಿಂದ ಮಾಡಿಲ್ಲ. ಫೋನ್ ಕೈಯಲ್ಲೇ ಇತ್ತು ನನಗೆ. ನಿನ್ನ ನಂಬರೂ ಒತ್ತಿದ್ದೆ. ಆಮೇಲೆ ಷೋಕೇಸಿನ ಕಡೆ ನೋಡ್ದೆ...

ಬೈಯಿ. ಇಲ್ಲೇ ಬೈಯಿ, ಎಲ್ಲರ ಎದುರಿಗೂ ಬೈಯಿ. 

ಏನು ಕೂಗು ಅದು? ಯಾಕೆ ಎಲ್ಲ ಕುಣೀತಾ ಇದಾರೆ? ಬಿತ್ತಾ? ರೋಂಡಾ, ಬಿತ್ತಾ? ನಾನು ನೋಡಲಿಲ್ಲ. ನಾನು ನಿನ್ನನ್ನೇ ನೋಡ್ತಾ ಇದ್ದೆ.

ಬಿಡೋ ಆರ್ವಿಲ್, ಭುಜ ಬಿಡು, ಆಮೇಲೆ ತಬ್ಬಿಕೊಳ್ಳುವಿಯಂತೆ... ರೋಂಡಾ! ನಿಧಾನ, ಮೆಟ್ಟಿಲ ಮೇಲೆಲ್ಲ ಹಿಮದ ನೀರಿದೆ. ಅವನನ್ನ ಹೆಗಲ ಮೇಲೆ ಎತ್ತಿಸಬೇಡ, ಆ ಹುಡುಗರಿಗೆ ಹೇಳು, ಎತ್ತಬೇಡಿ ಅನ್ನು, ಕೂರಿಸಿ ಅನ್ನು! ರೋಂಡಾ! ಶೂ ಹಿಡಿದು ಎಳೀಬೇಡ! ಕೇಳಿಸ್ತಾ? ಮೇಲಿನ ಗಂಟು ಸುಳ್ಳು... ನಾಲಿಗೆ ಅಡಿ, ಒಳಗಡೆ! ಮೂರನೇ ತೂತಿನ ಹತ್ತಿರ ಬೆರಳು ಹಾಕು... ನಿಜವಾದ ಗಂಟು ಅಲ್ಲಿದೆ!